ಜವಾಬು ಗೊತ್ತಿಲ್ಲದ ಸವಾಲ ಹಾಕಬ್ಯಾಡೋ ತಮ್ಮಾ!

ಗೋಕಾಕ: ಬಸ್ ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸು ಬಿಡಲು ಇನ್ನೂ ಹತ್ತು ಮಿನಿಟು ಇದೆ ಎಂದಿಟ್ಟುಕೊಳ್ಳಿ. ಕಿಟಕಿ ಕಡೆ ಕುಂತ ಹುಡುಗ ಹಿಂದಿನ ಕಾಲದಲ್ಲಾದರೆ ಶೇಂಗಾ ಸುಲಿಯುತ್ತಿದ್ದ. ಈಗ ಮೊಬೈಲ್ ತೆಗೆಯುತ್ತಾನೆ. ‘ಘಟಪ್ರಭಾ ಯಾವ ನದಿಯ ಉಪನದಿ?’ ಎಂದು ಮೊಬೈಲ್ ಕೇಳುತ್ತದೆ. ಕೆಳಗೆ ನಾಲ್ಕು ಉತ್ತರ, ಮೇಲೆ ಹತ್ತು ಸೆಕೆಂಡಿನ ಗಡಿಯಾರ. ಎದುರಾಳಿ ಹುಕ್ಕೇರಿಯವನೋ ಹುಬ್ಬಳ್ಳಿಯವನೋ, ಮುಖ ಕಂಡವರಿಲ್ಲ. ಹುಡುಗ ‘ಕೃಷ್ಣಾ’ ಎಂದು ಒತ್ತಿದ, ಗೆದ್ದ. ಗೆದ್ದ ಮೇಲೆ ಸುಮ್ಮನಿರುತ್ತಾನೆಯೇ? ನಾಲಗೆ ಚಾಚಿದ ಗೊಂಬೆಯ ಚಿತ್ರವೊಂದನ್ನು ಸೋತವನಿಗೆ ಕಳಿಸುತ್ತಾನೆ. ಆ ಕಡೆಯವನು ಅದಕ್ಕಿಂತ ಖಾರದ್ದೊಂದನ್ನು ವಾಪಸು ಕಳಿಸುತ್ತಾನೆ. ಬಸ್ಸು ಬಿಡುವುದರೊಳಗೆ ಆಟ ಮುಗಿದು ಜಗಳ ಶುರು!

ಸವಾಲು-ಜವಾಬಿನ ಆಟ ಈ ಸೀಮೆಗೆ ಹೊಸದೇನಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಲ್ಲಿ ಅಜ್ಜ-ಮುತ್ತ್ಯಾನ ಕಾಲದಿಂದಲೂ ರಾತ್ರಿಯಿಡೀ ಈ ಆಟ ನಡೆದು ಬಂದಿದೆ. ಅದಕ್ಕೆ ಕರೆಂಟು ಬೇಕಿರಲಿಲ್ಲ, ನೆಟ್‌ವರ್ಕು ಬೇಕಿರಲಿಲ್ಲ. ಬೇಕಾಗಿದ್ದು ಎರಡು ಮೇಳ, ಒಂದು ಗುಡಿಯ ಕಟ್ಟೆ, ಕಂಬಳಿ ಹೊದ್ದು ಕುಂತ ಮಂದಿ. ಅದರ ಹೆಸರು ಹಾಡಕಿ. ಆ ಹಾಡಕಿಗೆ ಬರೆಯದ ಕಾಯ್ದೆಗಳಿವೆ. ಇಂದಿನ ಮೊಬೈಲ್ ಆಟದವರು ಆ ಕಾಯ್ದೆಗಳನ್ನೊಮ್ಮೆ ಕೇಳಿಕೊಂಡರೆ ಅರ್ಧ ಜಗಳ ಅಲ್ಲೇ ತಣ್ಣಗಾದೀತು.

ಗಂಡು ಹೆಚ್ಚೋ, ಹೆಣ್ಣು ಹೆಚ್ಚೋ?

ಹಾಡಕಿಯಲ್ಲಿ ಹಲವು ಬಗೆ. ಎಲ್ಲರಿಗೂ ಗೊತ್ತಿರುವುದು ಹರದೇಶಿ-ನಾಗೇಶಿ. ಹರದೇಶಿಯವರು ಶಿವನ ಪಕ್ಷ. ಪುರುಷನೇ ಹೆಚ್ಚು ಎಂದು ಸಾಧಿಸುವವರು. ನಾಗೇಶಿಯವರು ಶಕ್ತಿಯ ಪಕ್ಷ. ಹೆಣ್ಣಿಲ್ಲದೆ ಜಗತ್ತೇ ಇಲ್ಲ ಎನ್ನುವವರು. ಇವರನ್ನೇ ತುರಾದವರು, ಕಲ್ಗಿಯವರು ಎಂದೂ ಕರೆಯುತ್ತಾರೆ. ಒಂದು ಕೈಯಲ್ಲಿ ದಪ್ಪು, ಪಕ್ಕದವರ ಕೈಯಲ್ಲಿ ತುಂತುಣಿ, ತಾಳ. ಪದದ ಕೊನೆಗೆ ಹಿಮ್ಮೇಳದವರು ‘ಗೀ ಗೀ’ ಎಂದು ದನಿಗೂಡಿಸುವುದರಿಂದ ಗೀಗೀ ಪದ ಎಂಬ ಹೆಸರು. ಈಚಿನ ದಿನಗಳಲ್ಲಿ ಬಹಳ ಕಡೆ ಹರದೇಶಿಯನ್ನು ಗಂಡಸರೂ ನಾಗೇಶಿಯನ್ನು ಹೆಣ್ಣುಮಕ್ಕಳೂ ಹಾಡುವುದರಿಂದ ವಾದಕ್ಕೆ ಇನ್ನಷ್ಟು ಕಳೆ ಬಂದಿದೆ.

ಇನ್ನೊಂದು ಡೊಳ್ಳಿನ ಹಾಡಕಿ. ಬೀರಪ್ಪನ ಗುಡಿ ಇರುವ ಊರುಗಳಲ್ಲಿ ಜಾತ್ರೆ ಬಂತೆಂದರೆ ಎರಡು ಊರಿನ ಡೊಳ್ಳಿನ ಸಂಘಗಳು ಎದುರುಬದುರು ಕೂಡುತ್ತವೆ. ಹಾಲುಮತದ ಪುರಾಣದಿಂದ ಹಿಡಿದು ಮಹಾಭಾರತದವರೆಗೆ ಎಲ್ಲಿಂದ ಬೇಕಾದರೂ ಸವಾಲು ಬರಬಹುದು. ಪದ ಕಟ್ಟಿದವ ಸಾಲಿ ಕಲಿತವನೇ ಆಗಿರಬೇಕೆಂದಿಲ್ಲ. ಕುರಿ ಕಾಯುವವ, ಗಳೇ ಹೊಡೆಯುವವ ಕೂಡ ಪುರಾಣವನ್ನು ಬಾಯಲ್ಲಿಟ್ಟುಕೊಂಡು ಬಂದಿರುತ್ತಾನೆ.

ಗುಡ್ಡಕ್ಕ ಹೊಂಟವರು ಯಾರ ಹೆಸರ ಹೇಳ್ತಾರ?

ವಾದ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಈ ಜಿಲ್ಲೆಯ ಮಂದಿಗೆಲ್ಲ ತಿಳಿದ ಕಥೆಯನ್ನೇ ತಗೊಳ್ಳಿ. ಹರದೇಶಿಯವ ದಪ್ಪು ಬಡಿದು ಏಳುತ್ತಾನೆ: ‘ಜಮದಗ್ನಿ ಒಂದು ಮಾತು ಹೇಳಿದ, ಪರಶುರಾಮ ತಾಯಿ ರೇಣುಕಾನ ತಲೀ ಹೊಡೆದ. ಗಂಡಿನ ಮಾತು ನಡೀತೋ ಇಲ್ಲೋ?’ ಕುಂತವರು ‘ಹೌದ್ಹೌದು’ ಎನ್ನುತ್ತಾರೆ.

ನಾಗೇಶಿಯವಳು ಅವಸರ ಮಾಡುವುದಿಲ್ಲ. ಸೆರಗು ಸರಿಪಡಿಸಿಕೊಂಡು ಎದುರಿನವರಿಗೆ ಕೈ ಮುಗಿದು ಕೇಳುತ್ತಾಳೆ: ‘ಖರೇ ಐತೆಪ್ಪಾ ನಮ್ಮಣ್ಣ. ಆದರ ಭಾರತ ಹುಣ್ಣಿಮಿಗೆ ಚಕ್ಕಡಿ ಹೂಡಿಕೊಂಡು ಸವದತ್ತಿ ಗುಡ್ಡಕ್ಕ ಹೊಂಟ ಮಂದಿ ಉಧೋ ಉಧೋ ಅನ್ನೂದು ಯಾರಿಗೆ? ಜಮದಗ್ನಿಗೋ, ಯಲ್ಲಮ್ಮಗೋ?’ ಈಗ ಸೀಟಿ ಬೀಳುತ್ತದೆ.

ಹರದೇಶಿಯವ ಬಿಡುವವನೇ? ‘ಹೋದ ಜೀವ ತಿರುಗಿ ಬಂದಿದ್ದು ಯಾರ ವರದಿಂದ? ತಂದೆ ಕೊಟ್ಟ, ಮಗ ಬೇಡಿದ. ಇಬ್ಬರೂ ಗಂಡಸರs!’ ಅವಳ ಜವಾಬು: ‘ಬೇಡಿದ ಮಗನ್ನ ಹಡದವರ್‍ಯಾರು?’

ಹೀಗೆ ಬೆಳಗಿನ ಜಾವದವರೆಗೆ. ಒಬ್ಬ ಶಿವ ಕಾಮನನ್ನು ಸುಟ್ಟ ಎಂದರೆ, ಇನ್ನೊಬ್ಬಳು ಗಂಗೆ ಆ ಶಿವನ ತಲೆಯ ಮೇಲೆಯೇ ಕುಂತಿದ್ದಾಳೆ ಎನ್ನುತ್ತಾಳೆ. ಒಬ್ಬ ಗೋವರ್ಧನ ಗಿರಿ ಎತ್ತಿದವನನ್ನು ಕರೆತಂದರೆ, ಇನ್ನೊಬ್ಬಳು ಮಹಿಷಾಸುರನ ಮುಂದೆ ದೇವರೆಲ್ಲ ಕೈಚೆಲ್ಲಿದಾಗ ಎದ್ದು ಬಂದವಳನ್ನು ನೆನಪಿಸುತ್ತಾಳೆ. ಇಂದಿನ ಮಾತೇ ಬೇಕೆಂದರೆ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಬಿಟ್ಟ ಯೋಜನೆಯ ಹೆಸರೇ ‘ಶಕ್ತಿ’. ನಾಗೇಶಿಯವರಿಗೆ ಇದಕ್ಕಿಂತ ಸಿದ್ಧ ಜವಾಬು ಬೇಕೆ? ನಿಂತುಕೊಂಡು ಪೂರಾ ಟಿಕೆಟ್ ತೆಗೆಸುವ ಗಂಡಸರು ಇದಕ್ಕೇನು ಹೇಳುತ್ತಾರೋ ಅವರೇ ಹೇಳಬೇಕು!

ಅಕ್ಷೋಹಿಣಿ ಲೆಕ್ಕ

ಬರೀ ಮಾತಿನ ಚಕಮಕಿಯಾದರೆ ಮಂದಿ ಅರ್ಧ ರಾತ್ರಿಗೇ ಎದ್ದು ಹೋಗುತ್ತಿದ್ದರು. ನಡುವೆ ತೊಡಕಿನ ಪದ ಬರುತ್ತದೆ. ತೊಡಕು ಎಂದರೆ ಗಂಟು, ಎದುರಿನವರು ಬಿಡಿಸಬೇಕು. ಅದರಲ್ಲಿ ಲೆಕ್ಕದ ತೊಡಕು ಅಂಗಡಿಕಾರರಿಗೆ ಬಹಳ ಸೇರುತ್ತದೆ.

ಒಂದು ಅಕ್ಷೋಹಿಣಿ ಸೈನ್ಯ ಎಂದರೆ ಎಷ್ಟು? ಗಾಬರಿಯಾಗಬೇಕಾಗಿಲ್ಲ. ಮೊದಲ ತುಕಡಿಯಲ್ಲಿ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಅದನ್ನು ಮೂರು ಪಟ್ಟು ಮಾಡಿ. ಬಂದದ್ದನ್ನು ಮತ್ತೆ ಮೂರು ಪಟ್ಟು. ಹೀಗೆ ಏಳು ಸಲ ಮಾಡಿದರೆ 3, 9, 27, 81, 243, 729, 2,187. ಕೊನೆಗೆ ಹತ್ತು ಪಟ್ಟು. ಬಂತು ನೋಡಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕೌರವರದು 11, ಪಾಂಡವರದು 7, ಒಟ್ಟು 18 ಅಕ್ಷೋಹಿಣಿ. ‘ಹಾಂಗಾದರ ಕುರುಕ್ಷೇತ್ರದಾಗ ಆನಿ ಎಷ್ಟು?’ ಎಂದು ಸವಾಲು ಬಿದ್ದರೆ 3,93,660 ಎಂದು ಪದದಲ್ಲೇ ಹೇಳಬೇಕು. ಕಾಗದ-ಪೆನ್ನು ಹಿಡಿಯುವಂತಿಲ್ಲ, ದಪ್ಪಿನ ತಾಳ ತಪ್ಪುವಂತಿಲ್ಲ. ನಾಲ್ಕು ಉತ್ತರದಲ್ಲಿ ಒಂದನ್ನು ಕಣ್ಣು ಮುಚ್ಚಿ ಒತ್ತುವ ಸೌಲಭ್ಯವಂತೂ ಮೊದಲೇ ಇಲ್ಲ.

ಬರೆಯದ ಕಾಯ್ದೆಗಳು

ಇಷ್ಟು ಜಿದ್ದು ಇದ್ದ ಮೇಲೆ ಬಡಿದಾಟ ಆಗಬೇಕಲ್ಲ? ಆಗುವುದಿಲ್ಲ. ಏಕೆಂದರೆ ಹಾಡಕಿಯ ಮಂದಿ ಕೆಲವು ಕಟ್ಟು ಮಾಡಿಕೊಂಡಿದ್ದಾರೆ. ಎಲ್ಲೂ ಅಚ್ಚಾಗಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಒಂದನೆಯದು: ಮೊದಲು ಗಣಪತಿ, ಗುರು, ಶಾರದೆಯ ಸ್ತುತಿ, ಆಮೇಲೆ ಕುಂತ ದೈವಕ್ಕೆ ಶರಣು. ಈ ಸೀಮೆಯಲ್ಲಿ ಸೇರಿದ ಮಂದಿಗೆ ದೈವ ಎನ್ನುತ್ತಾರೆ ಎಂಬುದನ್ನು ಗಮನಿಸಬೇಕು. ದೈವದ ಮುಂದೆ ನಿಂತವನು ನಾಲಗೆ ಹರಿಬಿಡುವ ಮೊದಲು ಎರಡು ಸಲ ವಿಚಾರ ಮಾಡುತ್ತಾನೆ.

ಎರಡನೆಯದು ಎಲ್ಲಕ್ಕಿಂತ ದೊಡ್ಡದು: ಸವಾಲು ಹಾಕಿದ ಮೇಳಕ್ಕೆ ಅದರ ಜವಾಬು ಗೊತ್ತಿರಲೇಬೇಕು. ಎದುರಿನವರು ಸೋತೆವು ಎಂದಾಗ, ‘ಹಾಂಗಾದರ ನೀವs ಹೇಳ್ರಿ’ ಎಂದು ದೈವ ಕೇಳುತ್ತದೆ. ಆಗ ಸವಾಲು ಹಾಕಿದವನೇ ಬಾಯಿ ಬಿಟ್ಟು ನಿಂತರೆ ಸೋತವನಿಗಿಂತ ಹೆಚ್ಚು ನಗೆಪಾಟಲಾಗುವವನು ಅವನೇ. ‘ಜವಾಬು ಗೊತ್ತಿಲ್ಲದ ಸವಾಲ ಹಾಕಬ್ಯಾಡೋ ತಮ್ಮಾ’ ಎಂದು ಹಿರಿಯರು ಎಳೆಯ ಹಾಡುಗಾರರಿಗೆ ಹೇಳುವುದು ಇದಕ್ಕೇ. ಕೇಳುವುದು ಸಸಾರ, ಕೇಳುವ ಹಕ್ಕು ಓದಿಕೊಂಡವನಿಗೆ ಮಾತ್ರ.

ಮೂರನೆಯದು: ಎದುರಿನವರ ಪದ ಮುಗಿಯುವವರೆಗೆ ದಪ್ಪು ಮುಟ್ಟಬಾರದು. ಕೇಳದೆ ಕೊಟ್ಟ ಜವಾಬು ಜವಾಬೇ ಅಲ್ಲ. ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ತಿರುಗಿ ಹೇಳಿ, ಆಮೇಲೆ ಅದನ್ನು ಮುರಿಯುವವನಿಗೆ ಹೆಚ್ಚಿನ ಮರ್ಯಾದೆ.

ನಾಲ್ಕನೆಯದು: ಪಕ್ಷವನ್ನು ಹಳಿಯಬಹುದು, ಮನುಷ್ಯನನ್ನು ಹಳಿಯಬಾರದು. ‘ನಿಮ್ಮ ಶಿವ ಹಿಂಗ ಮಾಡಿದ’, ‘ನಿಮ್ಮ ಪಾರ್ವತಿ ಹಾಂಗ ಮಾಡಿದಳು’ ಎಂದು ಎಷ್ಟು ಬೇಕಾದರೂ ಕಾಡಿಸಿ. ಎದುರಿನವರ ಜಾತಿ, ಮನೆತನ, ಸಂಸಾರ, ಮೈಬಣ್ಣದ ಮಾತು ಎತ್ತಿದರೆ ಮಾತ್ರ ಕಮಿಟಿಯ ಹಿರಿಯ ಎದ್ದು ನಿಲ್ಲುತ್ತಾನೆ. ‘ಸಾಕು ಮಾಡ್ರಿ’ ಎಂದರೆ ಸಾಕು.

ಐದನೆಯದು: ಆಯೇರಿ. ಚಲೋ ಜವಾಬು ಬಂದಾಗ ಮಂದಿ ಹತ್ತು, ಐವತ್ತು, ನೂರು ರೂಪಾಯಿ ಕೊಟ್ಟು ಹೆಸರು ಕೂಗಿಸುತ್ತಾರೆ. ಹರದೇಶಿಯವನನ್ನು ಮೆಚ್ಚಿ ಬಂದವರೇ ನಾಗೇಶಿಯವಳ ಒಳ್ಳೇ ಪದಕ್ಕೂ ನೋಟು ತೆಗೆಯುವುದುಂಟು. ಕಡೆಗೆ ಮಂಗಳಾರತಿ. ಬೆಳಗಾಗುವ ಹೊತ್ತಿಗೆ ಅರ್ಧನಾರೀಶ್ವರನ ನೆನಪು ಮಾಡಿ, ‘ಇಬ್ಬರೂ ಕೂಡಿದರs ಜಗತ್ತು’ ಎಂದು ಎರಡೂ ಮೇಳ ಏಳುತ್ತವೆ. ರಾತ್ರಿಯಿಡೀ ಒಬ್ಬರನ್ನೊಬ್ಬರು ಹರಿದು ಮುಕ್ಕಿದವರು ಒಂದೇ ಪಂಗ್ತಿಯಲ್ಲಿ ಉಪ್ಪಿಟ್ಟು ತಿಂದು, ಒಂದೇ ಬಸ್ಸಿಗೆ ಹತ್ತುತ್ತಾರೆ.

ತುರಾ ಒಬ್ಬರಿಗೆ, ಕಲ್ಗಿ ಇನ್ನೊಬ್ಬರಿಗೆ

ಈ ಮರ್ಯಾದೆ ಬೇರಿನಲ್ಲೇ ಇದೆ ಎಂಬುದಕ್ಕೆ ಒಂದು ಕಥೆಯುಂಟು. ತುರಾ, ಕಲ್ಗಿ ಎರಡೂ ರುಮಾಲಿನ ಶೃಂಗಾರ. ಮಧ್ಯಪ್ರದೇಶ, ರಾಜಸ್ಥಾನಗಳ ಕಡೆ ಹೇಳುವ ಪ್ರಕಾರ, ತುಕನಗೀರ ಎಂಬ ಹಿಂದೂ ಸಂತನಿಗೂ ಶಾಹಲಿ ಎಂಬ ಮುಸಲ್ಮಾನ ಫಕೀರನಿಗೂ ಚಂದೇರಿ ರಾಜನ ಮುಂದೆ ಪದಗಳ ಪಂದ್ಯ ನಡೆಯಿತು. ಒಬ್ಬ ಶಿವನನ್ನು ಎತ್ತಿ ಹಿಡಿದ, ಇನ್ನೊಬ್ಬ ಶಕ್ತಿಯನ್ನು. ಯಾರು ಗೆದ್ದರೆಂದು ಹೇಳಲಾಗದ ರಾಜ ತನ್ನ ತಲೆಯ ಮೇಲಿನ ತುರಾವನ್ನು ಸಂತನಿಗೂ ಕಲ್ಗಿಯನ್ನು ಫಕೀರನಿಗೂ ಕೊಟ್ಟನಂತೆ. ಶಕ್ತಿಯ ಪರ ಹಾಡಿದವನು ಫಕೀರ! ಅಂದಿನಿಂದ ಎರಡು ಪಕ್ಷ. ದಂತಕಥೆಯೇ ಇರಲಿ, ಸೋತವರಿಲ್ಲದ ಪಂದ್ಯದ ಕಥೆಯನ್ನು ಮಂದಿ ಇಷ್ಟು ಕಾಲ ಕಾಯ್ದುಕೊಂಡು ಬಂದಿದ್ದಾರೆ ಎಂಬುದೇ ದೊಡ್ಡ ಮಾತು.

ಮರಾಠಿ ಶಾಹೀರರ ಒಡನಾಟದಿಂದ ಈ ವಿದ್ಯೆ ಗಡಿಯ ಕನ್ನಡದಲ್ಲಿ ಬೇರುಬಿಟ್ಟಿತು. ವಿಜಯಪುರ ಜಿಲ್ಲೆಯ ಹಲಸಂಗಿಯ ಖಾಜಾಭಾಯಿಯ ಲಾವಣಿಗಳು ಹೆಸರಾದವು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ ‘ಗರತಿಯ ಹಾಡು’, ಅದರ ಹಿಂದೆಯೇ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ವನ್ನು ಅಚ್ಚಿಗೆ ತಂದು ಹಳ್ಳಿಯ ಪದಕ್ಕೆ ಪುಸ್ತಕದ ಮರ್ಯಾದೆ ಕೊಟ್ಟರು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಗೀಗೀ ಮೇಳದವರು ಶಿವ-ಶಕ್ತಿಯ ವಾದವನ್ನು ಪಕ್ಕಕ್ಕಿಟ್ಟು ಚರಕ, ಖಾದಿ, ಗಾಂಧಿಯ ಪದ ಹಾಡಿದ್ದೂ ಉಂಟು.

ನಮ್ಮ ಮೂರು ತಾಲೂಕುಗಳಿಗಂತೂ ಜಿದ್ದಿನ ಪದ ರಕ್ತದಲ್ಲೇ ಇದೆ. ಹಳೇ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿಯ ನಿಂಗಮ್ಮ ಊರೂರಿಗೆ ಒಯ್ದು ಮೆರೆಸಿದ ಶ್ರೀಕೃಷ್ಣ ಪಾರಿಜಾತದ ಕಥೆಯಾದರೂ ಏನು? ಒಂದು ಹೂವಿಗಾಗಿ ಸತ್ಯಭಾಮೆ ರುಕ್ಮಿಣಿಯ ಮೇಲೆ ತೆಗೆದ ಜಿದ್ದೇ ಅಲ್ಲವೇ! ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ತಂದ ಚಂದ್ರಶೇಖರ ಕಂಬಾರರು 1964ರಲ್ಲಿ ತಂದ ಕಾವ್ಯಕ್ಕೆ ಇಟ್ಟ ಹೆಸರು ‘ಹೇಳತೇನ ಕೇಳ’. ಲಾವಣಿ ಹಾಡುವವನು ದೈವಕ್ಕೆ ಹೇಳುವ ಧಾಟಿಯೇ ಅದು. ಹೇಳುವವನಿಗೆ ಕೇಳುವವನು ಬೇಕು. ಹಾಡಕಿಯ ಅರ್ಧ ವಿದ್ಯೆ ಕೇಳುವುದರಲ್ಲಿದೆ.

ಮೂವತ್ತು ಸೆಕೆಂಡಿನ ತುಣುಕು

ಈಗ ಕೆಟ್ಟ ಮಾತಿಗೆ ಬರೋಣ. ಹಾಡಕಿ ಇಂದು ಸತ್ತಿಲ್ಲ. ಯೂಟ್ಯೂಬಿನಲ್ಲಿ ಗುಡ್ಡೆ ಬಿದ್ದಿದೆ. ಪುಣೆ, ಮುಂಬೈಗೆ ದುಡಿಯಲು ಹೋದವರು ಅಲ್ಲಿಯ ಖೋಲಿಯಲ್ಲಿ ಕುಂತು ಊರ ಜಾತ್ರೆಯ ಹಾಡಕಿ ಕೇಳುತ್ತಾರೆ. ಇದು ಸಂತೋಷದ ಸಂಗತಿ. ಸಂಘಗಳ ಹೆಸರು ಹತ್ತೂರಿಗೆ ಮುಟ್ಟಿ ನಾಲ್ಕು ವೀಳ್ಯ ಹೆಚ್ಚಿಗೆ ಬರುವುದಕ್ಕೂ ಇದು ದಾರಿ.

ಆದರೆ ರಾತ್ರಿಯಿಡೀ ನಡೆದ ಹಾಡಕಿಯಲ್ಲಿ ಯಾರೋ ಮೂವತ್ತು ಸೆಕೆಂಡು ಕತ್ತರಿಸಿ, ಮೇಲೊಂದು ಮಸಾಲೆ ಹೆಸರು ಅಂಟಿಸಿ ಬಿಡುತ್ತಾರೆ. ಅದರಲ್ಲಿ ಚುಚ್ಚುಮಾತು ಇರುತ್ತದೆ, ಅದರ ಮುಂಚಿನ ಕೈಮುಗಿತ ಇರುವುದಿಲ್ಲ. ಸವಾಲು ಇರುತ್ತದೆ, ಜವಾಬು ಇರುವುದಿಲ್ಲ. ಮಂಗಳಾರತಿಯಂತೂ ಯಾರಿಗೂ ಬೇಕಾಗಿಲ್ಲ. ಕಟ್ಟೆಯ ಮೇಲೆ ಆಡಿದ ಎರಡರ್ಥದ ಮಾತು ಅಲ್ಲಿಯ ನಗೆಯಲ್ಲಿ ಕರಗಿ, ಬೆಳಗಾದರೆ ಮರೆತು ಹೋಗುತ್ತಿತ್ತು. ಮೊಬೈಲಿನಲ್ಲಿ ಅದು ಕರಗುವುದಿಲ್ಲ; ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಇದರ ಪೆಟ್ಟು ಯಾರಿಗೆ? ಹೆಚ್ಚಾಗಿ ನಾಗೇಶಿ ಹಾಡುವ ಹೆಣ್ಣುಮಕ್ಕಳಿಗೆ. ಅವರು ರಾತ್ರಿಯೆಲ್ಲ ಪುರಾಣದ ಲೆಕ್ಕ ಒಪ್ಪಿಸಿ, ಹಗಲಿಗೆ ಮನೆಯ ಒಲೆ ಹಚ್ಚುವವರು. ಅವರ ಹತ್ತು ವರ್ಷದ ಓದು ಯಾರ ಕಣ್ಣಿಗೂ ಬೀಳದೆ, ಎದುರಿನವ ಆಡಿದ ಒಂದು ಕೀಳುಮಾತು ಮಾತ್ರ ಊರೂರು ಸುತ್ತಿದರೆ ಮಗಳನ್ನು ಈ ವಿದ್ಯೆಗೆ ಹಚ್ಚಲು ಯಾವ ತಾಯಿಗೆ ಮನಸ್ಸಾದೀತು? ಹೆಣ್ಣುದನಿ ನಿಂತ ದಿನ ನಾಗೇಶಿ ನಿಂತಂತೆ. ನಾಗೇಶಿ ನಿಂತರೆ ಹರದೇಶಿ ಯಾರ ಕೂಡ ವಾದ ಮಾಡಬೇಕು, ಗ್ವಾಡಿಯ ಕೂಡೆಯೇ?

ಕೆಲವು ಸಂಘದವರ ತಪ್ಪೂ ಇಲ್ಲದಿಲ್ಲ. ಪುರಾಣ ಓದಿ ತೊಡಕು ಕಟ್ಟುವುದು ತ್ರಾಸಿನ ಕೆಲಸ, ಬೈಗುಳ ಸಸಾರ. ತುಣುಕು ಓಡಲಿ ಎಂದು ಬೇಕೆಂದೇ ಖಾರ ಹಾಕುವವರಿದ್ದಾರೆ. ಇಲ್ಲಿ ಜಾತ್ರೆ ಕಮಿಟಿಯವರು ಗಟ್ಟಿಯಾಗಬೇಕು. ವೀಳ್ಯ ಕೊಡುವಾಗಲೇ ಮಾತಾಗಲಿ: ಚಿತ್ರೀಕರಣ ಯಾರು ಮಾಡುತ್ತಾರೆ, ಪೂರ್ತಿ ಬಿಡುತ್ತಾರೋ ತುಣುಕು ಮಾಡುತ್ತಾರೋ, ಹಾಡಿದವರ ಒಪ್ಪಿಗೆ ಇದೆಯೋ ಇಲ್ಲವೋ. ಪೆಂಡಾಲು, ಮೈಕಿನವನ ಕೂಡ ಇಷ್ಟುದ್ದ ಚೌಕಾಸಿ ಮಾಡುವವರಿಗೆ ಇದೊಂದು ಮಾತು ಭಾರವಾಗಲಾರದು.

ಮೊಬೈಲ್ ಆಟಕ್ಕೂ ಇದೇ ಕಟ್ಟು

ಈಗ ಬಸ್ಸಿನ ಹುಡುಗರ ಆಟದ ವಿಷಯ. 2000ದಲ್ಲಿ ಟಿವಿಯಲ್ಲಿ ಹಿಂದಿಯ ಕೋಟ್ಯಾಧಿಪತಿ ಬಂತು. 2012ರಲ್ಲಿ ಪುನೀತ್ ರಾಜಕುಮಾರ್ ಕನ್ನಡದಲ್ಲಿ ನಡೆಸಿಕೊಟ್ಟರು. ಆ ಕುರ್ಚಿಯಲ್ಲಿ ಕುಂತು ತಪ್ಪು ಹೇಳಿದವರನ್ನೂ ಮರ್ಯಾದೆಯಿಂದ ಕಳಿಸಿಕೊಟ್ಟದ್ದನ್ನು ಮಂದಿ ಇಂದಿಗೂ ನೆನೆಯುತ್ತಾರೆ. ಈಗ ಆ ಕುರ್ಚಿ ಎಲ್ಲರ ಕಿಸೆಯಲ್ಲಿದೆ. ಪೊಲೀಸ್ ಕಾನ್‌ಸ್ಟೇಬಲ್, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ವಾಟ್ಸಾಪ್ ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ಪ್ರಶ್ನೆ ಹಾಕುತ್ತಾರೆ. ಒಳ್ಳೆಯ ಕೆಲಸ. ಒಂದು ದಿನ ನೌಕರಿಗೆ ಬಂದೀತು.

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕೇಂದ್ರ ಸರಕಾರ 2025ರ ಆಗಸ್ಟಿನಲ್ಲಿ ಕಾಯ್ದೆ ತಂದು ಬಾಗಿಲು ಹಾಕಿತು. ಆದರೆ ನಡತೆಗೆ ಯಾವ ಸರಕಾರವೂ ಕಾಯ್ದೆ ಮಾಡಲಾರದು. ಅದನ್ನು ಆಡುವವರೇ ಮಾಡಿಕೊಳ್ಳಬೇಕು, ಹಾಡಕಿಯವರು ಮಾಡಿಕೊಂಡ ಹಾಗೆ.

ಹಾಡಕಿಯ ಕಟ್ಟನ್ನೇ ಇಲ್ಲಿ ಹಚ್ಚಿ ನೋಡಿ. ಪ್ರಶ್ನೆ ಹಾಕುವವನು ಉತ್ತರವನ್ನೂ, ಅದು ಯಾಕೆ ಸರಿ ಎಂಬುದನ್ನೂ ಗೊತ್ತು ಮಾಡಿಕೊಂಡಿರಲಿ. ಇಲ್ಲದಿದ್ದರೆ ತಪ್ಪು ಉತ್ತರವೊಂದು ಐವತ್ತು ಜನರ ತಲೆಯಲ್ಲಿ ಕುಂತು ಪರೀಕ್ಷೆಯ ದಿನ ಕೈ ಕೊಡುತ್ತದೆ. ಗೂಗಲ್ ನೋಡಿ ಬರೆದವನು ಗೆದ್ದರೂ ಅದು ಎರವಲು ರುಮಾಲು; ಪರೀಕ್ಷೆಯ ಕೋಣೆಯ ಬಾಗಿಲಲ್ಲೇ ಬಿಚ್ಚಿಡಬೇಕಾಗುತ್ತದೆ. ಸೋತವನಿಗೆ ನಾಲಗೆ ಚಾಚುವ ಗೊಂಬೆ ಬೇಡ. ಸುಳ್ಳು ಹೆಸರಿನ ಹಿಂದೆ ಕುಂತವನಿಗೆ ದೈವದ ಅಂಜಿಕೆ ಇರುವುದಿಲ್ಲ. ಆದ್ದರಿಂದ ಪ್ರತಿ ಗುಂಪಿಗೂ ಹಾಡಕಿ ಕಮಿಟಿಯ ಹಿರಿಯನಂತೆ ‘ಸಾಕು ಮಾಡ್ರಿ’ ಎನ್ನುವವನೊಬ್ಬ ಇರಲಿ. ಚಲೋ ಉತ್ತರಕ್ಕೆ, ಅದು ಎದುರಿನವನದೇ ಆಗಿದ್ದರೂ, ‘ಶಾಭಾಸ್’ ಎಂಬ ಆಯೇರಿ ಹಾಕಿ. ಇದಕ್ಕೆ ನೋಟು ಕೂಡ ಬೇಕಾಗಿಲ್ಲ.

ಜಾಣತನ ಎದುರಾಳಿಯಿಂದ ಹರಿತವಾಗುತ್ತದೆ. ಎದುರಿನವ ಓಡಿ ಹೋದರೆ ಆಟವೇ ಇಲ್ಲ. ಅಂಗಡಿಕಾರರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಅಂಗಡಿ ಮುಚ್ಚಿದ ಪೇಟೆಗೆ ಗಿರಾಕಿಯೂ ಬರುವುದಿಲ್ಲ. ಹಾಡಕಿಯಲ್ಲಿ ಗೆದ್ದವರು ಯಾರೆಂದು ಬಹಳ ಊರುಗಳಲ್ಲಿ ಸಾರಿ ಹೇಳುವ ಪದ್ಧತಿಯೇ ಇಲ್ಲ. ಮಂದಿ ಕಂಬಳಿ ಝಾಡಿಸಿಕೊಂಡು ಏಳುವಾಗ ಕಮಿಟಿಯವರಿಗೆ ಒಂದು ಮಾತು ಹೇಳಿ ಹೋಗುತ್ತಾರೆ: ‘ಬರೂ ವರ್ಷ ಇವs ಎರಡೂ ಮ್ಯಾಳ ತರಸ್ರಿ.’ ಆ ಮಾತಿಗೆ ಎರಡೂ ಮೇಳದವರು ಹ್ಞೂಂ ಎಂದರೆ ಜಾತ್ರೆ ಗೆದ್ದಂತೆ.